ಮಳೆಯಲ್ಲಿ ಗೊಮ್ಮಟ: ತುಳುನಾಡಿನ ಬಯಲು ಶಿಲ್ಪಗಳ ನೋಟವನ್ನು ಕುರಿತ ಕೆಲವು ಪ್ರಶ್ನೆಗಳು

1

ಕರ್ನಾಟಕದ ಗೊಮ್ಮಟ ವಿಗ್ರಹಗಳನ್ನು ಕುರಿತು ಬಂದಿರುವ ಬರವಣಿಗೆ ವಿಪುಲವಾಗಿದೆ. ಶಾಸನ, ಪ್ರತಿಷ್ಠಾಕಾಲ, ಮಾಡಿಸಿದ ಅರಸನ ವಂಶ, ಅಳತೆ, ಪ್ರತಿಮಾಲಕ್ಷಣ ಇವುಗಳ ಚರ್ಚೆ ಒಂದು ಶತಮಾನಕ್ಕೂ ಮೀರಿ ನಡೆದುಬಂದಿದೆ. ಈ ಚರ್ಚೆಯಿಂದ ನಮಗೆ ದೊರೆತಿರುವ ತಿಳಿವಳಿಕೆ ಅಮೂಲ್ಯವಾದುದು. ಆದರೆ ಈ ವಿಗ್ರಹಗಳು ಬಯಲಿನಲ್ಲಿ ನಿಂತಿವೆ ಎಂಬ ಸಂಗತಿಯನ್ನು ನಾವು ಸ್ಥಳಪರಿಚಯದ ಒಂದು ವಿವರವಾಗಿ ಮಾತ್ರ ಗ್ರಹಿಸಿದ್ದೇವೆ. ಶಿಲ್ಪದ ಅರ್ಥಕ್ಕೆ ಸೇರಿದ ಅಂಶವಾಗಿ ಪರಿಗಣಿಸಿರುವುದು ಕಡಮೆ. ಬಯಲು ಎಂದರೆ ಬರಿಯ ಜಾಗವಲ್ಲ. ಬಿಸಿಲು, ಗಾಳಿ, ಮಳೆಗಳಿಗೆ ತೆರೆದುಕೊಂಡಿರುವ ಸ್ಥಿತಿ ಅದು. ಈ ಮೂರರಲ್ಲಿ ನಮ್ಮ ಕಲಾವಿಮರ್ಶೆ ಬಿಸಿಲೊಂದನ್ನೇ ಆಯ್ದುಕೊಂಡಂತೆ ತೋರುತ್ತದೆ.

ಇದಕ್ಕೆ ಕಾರಣಗಳು ಸರಳವಾಗಿವೆ. ಕ್ಷೇತ್ರಕಾರ್ಯ ನಡೆಯುವುದು ಸಾಮಾನ್ಯವಾಗಿ ಮಳೆ ನಿಂತ ಮೇಲೆ. ಛಾಯಾಚಿತ್ರಕ್ಕೆ ನೆರಳು ಬೆಳಕುಗಳ ಭೇದ ಬೇಕು. ಅದನ್ನು ಒದಗಿಸುವುದು ಚಳಿಗಾಲದ ಓರೆ ಬಿಸಿಲು. ಗ್ರಂಥಗಳಲ್ಲಿ ಅಚ್ಚಾಗಿರುವ ಚಿತ್ರಗಳನ್ನು ನೋಡಿದರೆ ಕಾರ್ಕಳದ ಗೊಮ್ಮಟನ ಹಿಂದೆ ನೀಲಿ ಆಕಾಶವಿರುವುದೇ ವಾಡಿಕೆ. ಜನಸಾಗರ ಈ ವಿಗ್ರಹಗಳತ್ತ ಹರಿದುಬರುವ ಮಹಾಮಸ್ತಕಾಭಿಷೇಕಗಳೂ ಒಣ ತಿಂಗಳುಗಳಲ್ಲಿಯೇ ನಡೆಯುತ್ತವೆ. ಶ್ರವಣಬೆಳಗೊಳದಲ್ಲಿ 2006 ಮತ್ತು 2018ರಲ್ಲಿ, ಕಾರ್ಕಳದಲ್ಲಿ 2015ರಲ್ಲಿ, ವೇಣೂರಿನಲ್ಲಿ 2012 ಮತ್ತು 2024ರಲ್ಲಿ ನಡೆದ ಅಭಿಷೇಕಗಳೆಲ್ಲ ಜನವರಿ, ಫೆಬ್ರವರಿಗಳ ಆಸುಪಾಸಿನವು. ಹೀಗಾಗಿ ಗೊಮ್ಮಟನನ್ನು ಕುರಿತ ನಮ್ಮ ಸೌಂದರ್ಯನಿರ್ಣಯ ಬಹುಮಟ್ಟಿಗೆ ಬೇಸಗೆಯ ನಿರ್ಣಯವಾಗಿದೆ. ವರ್ಷದಲ್ಲಿ ನಾಲ್ಕು ತಿಂಗಳು ಎಡೆಬಿಡದೆ ನೆನೆಯುವ ಶಿಲ್ಪವೊಂದನ್ನು ಅದು ಒಣಗಿರುವಾಗ ಮಾತ್ರ ನೋಡಿ ಬೆಲೆ ಕಟ್ಟುವುದು ಎಷ್ಟರಮಟ್ಟಿಗೆ ಸರಿ ಎಂಬುದು ಈ ಲೇಖನದ ಮೂಲ ಪ್ರಶ್ನೆ.

ಈ ಪ್ರಶ್ನೆಯನ್ನು ತುಳುನಾಡಿನ ಎರಡು ವಿಗ್ರಹಗಳ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಉದ್ದೇಶ. ಒಂದು, 1432ರಲ್ಲಿ ವೀರಪಾಂಡ್ಯ ಭೈರರಸ ಕಾರ್ಕಳದ ಬೆಟ್ಟದ ಮೇಲೆ ಪ್ರತಿಷ್ಠಾಪಿಸಿದ ಸುಮಾರು 42 ಅಡಿಯ ಗೊಮ್ಮಟ. ಇನ್ನೊಂದು, 1604ರಲ್ಲಿ ಅಜಿಲ ವಂಶದ ತಿಮ್ಮರಾಜ ವೇಣೂರಿನಲ್ಲಿ ಫಲ್ಗುಣಿ ನದಿಯ ಬಳಿ ನಿಲ್ಲಿಸಿದ ಸುಮಾರು 35 ಅಡಿಯ ಗೊಮ್ಮಟ. ಆಟಿ ತಿಂಗಳ ಮಳೆಯಲ್ಲಿ ಒಂದೇ ದಿನದ ಪ್ರಯಾಣದಲ್ಲಿ ಕಾರ್ಕಳ, ಮೂಡುಬಿದಿರೆ, ವೇಣೂರುಗಳನ್ನು ನೋಡಿದಾಗ ಕಂಡುಬಂದ ಸಂಗತಿಗಳು ಈ ಪರಿಶೀಲನೆಗೆ ಆಧಾರ.

2

ಬಾಹುಬಲಿಯ ಪ್ರತಿಮೆ ಆರಂಭದಿಂದಲೂ ಬಯಲಿನಲ್ಲಿ ಇದ್ದುದಲ್ಲ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಐಹೊಳೆಯ ಜೈನ ಗುಹೆಯಲ್ಲಿಯೂ ಇರುವ ಬಾಹುಬಲಿಯ ಉಬ್ಬುಶಿಲ್ಪಗಳು ನಮ್ಮ ನಾಡಿನ ಪ್ರಾಚೀನ ನಿದರ್ಶನಗಳು. ಅಲ್ಲಿ ಕಾಯೋತ್ಸರ್ಗದ ನಿಲುವು ಇದೆ, ತೊಡೆ ತೋಳುಗಳನ್ನು ಹಬ್ಬಿದ ಬಳ್ಳಿ ಇದೆ, ಹಾವುಗಳೂ ಇವೆ. ಆದರೆ ತಲೆಯ ಮೇಲೆ ಬಂಡೆಯ ಸೂರು ಇದೆ. ಅಲ್ಲಿನ ಬಳ್ಳಿ ಕಥೆಯೊಂದರ ನೆನಪು. ಆ ಕಥೆ ನಡೆದ ಹವೆ ಗುಹೆಯೊಳಗೆ ಪ್ರವೇಶಿಸುವುದಿಲ್ಲ.

ಕ್ರಿ.ಶ. 981ರ ಸುಮಾರಿನಲ್ಲಿ ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಸುಮಾರು 58 ಅಡಿಯ ವಿಗ್ರಹವನ್ನು ಮಾಡಿಸಿದಾಗ ಆದ ಮುಖ್ಯ ಬದಲಾವಣೆ ಗಾತ್ರದ್ದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಗಾತ್ರದಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆಯೂ ಆಗ ಸಂಭವಿಸಿತು. ಬಾಹುಬಲಿ ಸೂರಿನಿಂದ ಹೊರಬಂದ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜ ವಿಗ್ರಹದ ಸುತ್ತ ಸುತ್ತಾಲಯವನ್ನು ಕಟ್ಟಿಸಿದ. ವಿಗ್ರಹದ ಪಾದದ ಬಳಿಯ ಶಾಸನ ಇದನ್ನು ತಿಳಿಸುತ್ತದೆ. ಸುತ್ತಲೂ ಕಟ್ಟಡವೆದ್ದಿತಾದರೂ ಮೇಲಿನ ಆಕಾಶ ತೆರೆದೇ ಉಳಿಯಿತು. ಕಟ್ಟುವ ಸಾಮರ್ಥ್ಯವೂ ಸಂಪತ್ತೂ ಇದ್ದವರು ಮುಚ್ಚದೆ ಬಿಟ್ಟರೆಂಬುದು ಗಮನಾರ್ಹ. ದಿಗಂಬರನಿಗೆ ದಿಕ್ಕೇ ಬಟ್ಟೆ ಎಂಬ ತತ್ತ್ವ ಇಲ್ಲಿ ವಾಸ್ತುವಿನ ನಿರ್ಣಯವಾಗಿ ಪರಿಣಮಿಸಿದೆ.

ಈ ನಿರ್ಣಯದ ಫಲವಾಗಿ ಬಳ್ಳಿಯ ಅರ್ಥವೂ ಬದಲಾಯಿತು. ಜಿನಸೇನರ ಸಂಸ್ಕೃತ ಪುರಾಣ, ಪಂಪನ ಆದಿಪುರಾಣಗಳಿಂದ ಮೊದಲುಗೊಂಡು ನಮ್ಮ ಸಾಹಿತ್ಯ ಪರಂಪರೆ ಬಾಹುಬಲಿಯ ಪ್ರತಿಮಾಯೋಗವನ್ನು ವರ್ಷಾವಧಿಯ ತಪಸ್ಸೆಂದು ನಿರೂಪಿಸುತ್ತದೆ. ವರ್ಷವೆಂದರೆ ಎಲ್ಲ ಋತುಗಳೂ ಸೇರಿದ ಕಾಲ. ಜೈನ ಮುನಿಗಳ ಆಚಾರದಲ್ಲಿ ಋತುವಿಗೊಂದು ಯೋಗವನ್ನು ಹೇಳಲಾಗಿದೆ. ಬೇಸಗೆಯಲ್ಲಿ ಕಾದ ಬಂಡೆಯ ಮೇಲೆ ಆತಾಪನ ಯೋಗ, ಮಳೆಗಾಲದಲ್ಲಿ ಮರದ ಬುಡದಲ್ಲಿ ವೃಕ್ಷಮೂಲ ಯೋಗ, ಚಳಿಗಾಲದಲ್ಲಿ ಬಯಲಿನಲ್ಲಿ ಅಭ್ರಾವಕಾಶ ಯೋಗ. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಸಂಚಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸ್ಯದ ನಿಯಮಕ್ಕೆ ಅಹಿಂಸೆಯೇ ಕಾರಣ. ಮಳೆ ಬಿದ್ದ ನೆಲದಲ್ಲಿ ಹುಲ್ಲು, ಚಿಗುರು, ಕ್ರಿಮಿಕೀಟಗಳು ಹೆಚ್ಚುತ್ತವೆ. ನಡೆದರೆ ಅವು ತುಳಿತಕ್ಕೆ ಸಿಗುತ್ತವೆ.

ಈ ಹಿನ್ನೆಲೆಯಲ್ಲಿ ಗೊಮ್ಮಟನ ಮೈಮೇಲಿನ ಬಳ್ಳಿಯನ್ನೂ ಬೆಳಗೊಳದ ವಿಗ್ರಹದ ಇಕ್ಕೆಲಗಳ ಹುತ್ತಗಳನ್ನೂ ಮತ್ತೊಮ್ಮೆ ನೋಡಬೇಕು. ಬಳ್ಳಿ ಚಿಗುರಿ ಹಬ್ಬುವುದು ಮಳೆಯಿಂದ. ಗೆದ್ದಲು ಹುತ್ತ ಕಟ್ಟುವುದು ಹಸಿ ಮಣ್ಣಿನಿಂದ. ಹುತ್ತವಿದ್ದೆಡೆ ಹಾವು ಸೇರುತ್ತದೆ. ಅಂದರೆ ಬಾಹುಬಲಿಯನ್ನು ಇತರ ಕಾಯೋತ್ಸರ್ಗ ಪ್ರತಿಮೆಗಳಿಂದ ಬೇರ್ಪಡಿಸುವ ಲಕ್ಷಣಗಳಲ್ಲಿ ಮುಖ್ಯವಾದವು ಮಳೆಗಾಲವೊಂದು ಅವನ ಮೇಲೆ ಕಳೆದುಹೋಗಿದೆ ಎಂಬುದರ ಗುರುತುಗಳು. ಬಳ್ಳಿಯನ್ನು ನಾವು ‘ತಪಸ್ಸಿನ ದೀರ್ಘತೆಯ ಸಂಕೇತ’ ಎಂದು ವಿವರಿಸುತ್ತ ಬಂದಿದ್ದೇವೆ. ಅದು ತಪ್ಪಲ್ಲ, ಆದರೆ ಅಪೂರ್ಣ. ಅದು ಕಾಲದ ಸಂಕೇತವಾಗಿರುವಂತೆ ಋತುವಿನ ಸಂಕೇತವೂ ಹೌದು. ಲೋಕದ ಮುನಿಗಳು ಮರದಡಿಗೆ ಸರಿಯುವ ಋತುವಿನಲ್ಲಿಯೂ ಬಯಲಲ್ಲಿಯೇ ನಿಂತವನೊಬ್ಬನ ಚಿತ್ರ ಇದು. ಗುಹೆಯೊಳಗೆ ಈ ಅರ್ಥ ಕಥನವಾಗಿತ್ತು. ಬೆಟ್ಟದ ಮೇಲೆ ಅದು ವರ್ಷವರ್ಷವೂ ನಡೆಯುವ ಸಂಗತಿಯಾಯಿತು.

3

ಶ್ರವಣಬೆಳಗೊಳದ ಸೀಮೆಯಲ್ಲಿ ವರ್ಷದ ಮಳೆ ಎಂಟುನೂರು ಮಿಲಿಮೀಟರಿನ ಒಳಗಿನದು. ಕಾರ್ಕಳದಲ್ಲಿ ಅದು ನಾಲ್ಕು ಸಾವಿರ ಮಿಲಿಮೀಟರನ್ನು ಮೀರುತ್ತದೆ. ಆದ್ದರಿಂದ ಚಾವುಂಡರಾಯನ ಆದರ್ಶವನ್ನು ತುಳುನಾಡಿಗೆ ತಂದವರು ಬೇರೆಯೇ ಆದ ಆಕಾಶದ ಕೆಳಗೆ ಆ ಕೆಲಸವನ್ನು ಮಾಡಿದರು. ಬಯಲಿನಲ್ಲಿ ನಿಲ್ಲಿಸುವ ನಿರ್ಧಾರಕ್ಕೆ ಇಲ್ಲಿರುವ ತೂಕ ಬೆಳಗೊಳದಲ್ಲಿ ಇಲ್ಲ.

ಈ ಮಾತಿಗೆ ತುಳುನಾಡಿನ ವಾಸ್ತುವೇ ಸಾಕ್ಷಿ. ಇಲ್ಲಿ ಮಳೆಗೆ ಸೂರು ಹೊಂದಿಸುವುದು ಕಟ್ಟಡ ಕಲೆಯ ಮೊದಲ ಪಾಠ. 1430ರಲ್ಲಿ ಆರಂಭವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಮಳೆಯಲ್ಲಿ ನೋಡಿದಾಗ ಅದರ ಅಂತಸ್ತುಗಳ ರಚನೆ ತಾನಾಗಿಯೇ ವಿವರಣೆಗೊಳ್ಳುತ್ತದೆ. ಮೇಲಿನ ಮಾಡಿನ ನೀರು ಕೆಳಗಿನ ಮಾಡಿಗೆ, ಅಲ್ಲಿಂದ ಅಂಗಳಕ್ಕೆ ಧುಮುಕುತ್ತದೆ. ಸಾಲುಗಂಬಗಳ ಜಗಲಿ ಮಾತ್ರ ಒಣಗಿಯೇ ಇರುತ್ತದೆ. ಫರ್ಗುಸನ್ ಮೊದಲಾದ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಈ ಮಾಡುಗಳಿಗೆ ನೇಪಾಳದ ಸಾದೃಶ್ಯವನ್ನು ಹುಡುಕಿದರು. ಅಷ್ಟು ದೂರದ ಸಂಬಂಧವನ್ನು ಊಹಿಸುವ ಮೊದಲು ಒಂದು ಆಷಾಢವನ್ನು ಇಲ್ಲಿ ಕಳೆದಿದ್ದರೆ ಸಾದೃಶ್ಯದ ಕಾರಣ ಹೊಳೆಯುತ್ತಿತ್ತು. ಇಮ್ಮಡಿ ಭೈರರಸ 1586ರಲ್ಲಿ ಕಾರ್ಕಳದಲ್ಲಿ ಕಟ್ಟಿಸಿದ ಚತುರ್ಮುಖ ಬಸದಿ ಗೊಮ್ಮಟನ ಬೆಟ್ಟಕ್ಕೆ ಎದುರಾಗಿಯೇ ಇದೆ. ಅಲ್ಲಿ ಶಿಲೆಯ ಚಪ್ಪಡಿಗಳನ್ನೇ ಮರದ ಹಲಗೆಗಳಂತೆ ಇಳಿಜಾರಾಗಿ ಹೊದಿಸಲಾಗಿದೆ. ಮೂಡುಬಿದಿರೆಯ ಕೊಡಂಗಲ್ಲಿನ ಸಮಾಧಿಗಳಿಗೂ ಅಂತಸ್ತಂತಸ್ತಾದ ಸೂರುಗಳಿವೆ. ತೀರಿಹೋದವರಿಗೂ ಈ ನಾಡು ಸೂರು ಕೊಟ್ಟಿದೆ.

ದೈನಂದಿನ ಬದುಕಿನಲ್ಲಿಯೂ ಇದೇ ಕ್ರಮ. ನೇಜಿ ನೆಡುವ ಹೆಂಗಸರ ಬೆನ್ನಿಗೆ ಗೊರಬೆ, ಗಂಡಸರ ತಲೆಗೆ ಹಾಳೆಯ ಮುಟ್ಟಾಳೆ, ಮಳೆಗೆದುರಾದ ಮಣ್ಣಿನ ಗೋಡೆಗೆ ಮಡಲಿನ ತಟ್ಟಿ. ಇವೆಲ್ಲ ಈಚಿನವರೆಗೂ ಬಳಕೆಯಲ್ಲಿದ್ದವು. ಗೋಡೆಯನ್ನೂ ನೆನೆಯಗೊಡದ ನಾಡೊಂದು ತನ್ನ ಅತ್ಯಂತ ದೊಡ್ಡ ಪೂಜ್ಯ ವಿಗ್ರಹವನ್ನು ನೆನೆಯಲು ಬಿಟ್ಟಿತು. ಸೂರು ಕಟ್ಟಲು ತಿಳಿಯದೆ ಹೀಗಾಯಿತೆಂದು ಹೇಳಲು ಬರುವುದಿಲ್ಲ. ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟನಿಗೂ ನಡುವೆ ಇರುವ ಅಂತರ ಎರಡೇ ವರ್ಷಗಳದು. ಒಂದೇ ಕಾಲದ, ಒಂದೇ ಸೀಮೆಯ, ಒಂದೇ ಧರ್ಮದ ಜನ ಒಂದನ್ನು ಮಾಡಿನ ಮೇಲೆ ಮಾಡು ಹೊದಿಸಿ ಕಾಪಾಡಿದರು; ಇನ್ನೊಂದನ್ನು ಬೇರೆಡೆ ಕಡೆದು, ಬೆಟ್ಟಕ್ಕೆ ಏರಿಸಿ, ಬತ್ತಲೆಯಾಗಿ ಬಿಟ್ಟರು. ಈ ಸಾಗಾಟದ ಶ್ರಮವನ್ನು ಚಂದ್ರಮ ಕವಿಯ ಕಾರ್ಕಳದ ಗೊಮ್ಮಟೇಶ್ವರ ಚರಿತೆ ವಿಸ್ತಾರವಾಗಿ ವರ್ಣಿಸುತ್ತದೆ. ಅಷ್ಟು ಶ್ರಮಪಟ್ಟು ಮಳೆಗೆ ಅತ್ಯಂತ ಹತ್ತಿರವಾದ ಸ್ಥಳಕ್ಕೆ ಒಯ್ದುದರ ಹಿಂದೆ ದೂರದಿಂದ ಕಾಣಲೆಂಬ ಬಯಕೆ ಇದ್ದೇ ಇರಬೇಕು. ಆದರೆ ಮಳೆಯ ನಾಡಿನಲ್ಲಿ ಮಳೆಗೆ ಅಂಜದವನನ್ನು ನಿಲ್ಲಿಸುವ ತಿಳಿವೂ ಅದರೊಡನೆ ಇತ್ತೆಂದು ಭಾವಿಸಲು ಸುತ್ತಲಿನ ವಾಸ್ತುವೇ ಆಧಾರವನ್ನು ಒದಗಿಸುತ್ತದೆ.

4

ಮಳೆಯಲ್ಲಿ ನೋಡುವುದರಿಂದ ಶಿಲ್ಪದಲ್ಲಿ ವಾಸ್ತವವಾಗಿ ಏನು ವ್ಯತ್ಯಾಸ ಕಾಣುತ್ತದೆ ಎಂಬುದನ್ನು ಇನ್ನು ವಿವರಿಸಬೇಕು. ಈ ವ್ಯತ್ಯಾಸವನ್ನು ಮೂರು ಹಂತಗಳಲ್ಲಿ ಗುರುತಿಸಬಹುದು.

ಮೊದಲನೆಯದು ಮಳೆ ಹನಿಯಲಾರಂಭಿಸಿದ ಹಂತ. ಆಗ ನೆನೆಯುವುದು ಮೇಲ್ಮುಖವಾದ ಭಾಗಗಳು: ನೆತ್ತಿಯ ಗುಂಗುರು ಕೂದಲು, ಭುಜಗಳ ಮೇಲ್ಮೈ, ಪಾದಗಳ ಬೆನ್ನು. ಗಲ್ಲದ ಕೆಳಭಾಗ, ಕಂಕುಳು, ಎದೆಯ ಕೆಳಗಿನ ತಿರುವುಗಳು ಒಣಗಿಯೇ ಉಳಿಯುತ್ತವೆ. ಕಣಶಿಲೆ ನೆನೆದಾಗ ಅದರ ಸೂಕ್ಷ್ಮರಂಧ್ರಗಳನ್ನು ನೀರು ತುಂಬುವುದರಿಂದ ಬೆಳಕು ಚದುರುವುದು ಕಡಮೆಯಾಗಿ ಕಲ್ಲು ಕಪ್ಪಾಗಿ ತೋರುತ್ತದೆ. ಇದರ ಪರಿಣಾಮ ಕುತೂಹಲಕರವಾಗಿದೆ. ಬಿಸಿಲಿನಲ್ಲಿ ಬೆಳ್ಳಗೆ ಬೆಳಗುವ ಭುಜ ಈಗ ಕಪ್ಪು. ನೆರಳಿನಲ್ಲಿರುವ ಕಂಕುಳು ಈಗ ತಿಳಿ ಬಣ್ಣ. ಛಾಯಾಚಿತ್ರದ ನೆಗೆಟಿವ್‌ನಲ್ಲಿ ಕಾಣುವಂತೆ ಬೆಳಕು ನೆರಳುಗಳ ಸ್ಥಾನ ಅದಲುಬದಲಾಗುತ್ತದೆ. ನಾವು ಚಿತ್ರಗಳಿಂದ ಬಾಯಿಪಾಠ ಮಾಡಿಕೊಂಡಿರುವ ಗೊಮ್ಮಟನ ರೂಪ ಈ ಕೆಲವು ನಿಮಿಷಗಳಲ್ಲಿ ಪೂರ್ತಿ ಅಪರಿಚಿತವಾಗುತ್ತದೆ. ಶಿಲ್ಪದ ಯಾವ ಭಾಗ ಎಷ್ಟು ಮುಂದಕ್ಕೆ ಚಾಚಿದೆ, ಯಾವುದು ಎಷ್ಟು ಹಿಂದಕ್ಕೆ ಸರಿದಿದೆ ಎಂಬುದನ್ನು ನೀರು ಅಳತೆಗೋಲಿನಂತೆ ಗುರುತಿಸಿ ತೋರಿಸುತ್ತದೆ.

ಎರಡನೆಯದು ಪೂರ್ತಿ ನೆನೆದ ಹಂತ. ಈಗ ವಿಗ್ರಹವೆಲ್ಲ ಒಂದೇ ಕಪ್ಪು. ಮುಖದ ಸೂಕ್ಷ್ಮಗಳು ಮಸುಕಾಗುತ್ತವೆ; ಬಾಹ್ಯರೇಖೆ ಪ್ರಧಾನವಾಗುತ್ತದೆ. ಕಾರ್ಕಳದ ವಿಗ್ರಹದ ವಿಶಾಲವಾದ ಭುಜಗಳೂ ನೀಳವಾಗಿ ಇಳಿದ ತೋಳುಗಳೂ ಬೂದುಬಣ್ಣದ ಆಕಾಶದ ಎದುರಿಗೆ ಒಂದೇ ಘನವಾಗಿ ನಿಲ್ಲುತ್ತವೆ. ನೀರಿನ ಹರಿವು ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು. ನೆತ್ತಿಯಿಂದ ಇಳಿದ ನೀರು ಹಣೆ, ಮೂಗು, ಗಲ್ಲಗಳಿಂದ ತೊಟ್ಟಿಕ್ಕಿ ಎದೆಗೆ ಬೀಳುತ್ತದೆ; ಭುಜದ ನೀರು ತೋಳಿನುದ್ದಕ್ಕೂ ಜಾರಿ ಬೆರಳುಗಳತ್ತ ಸಾಗುತ್ತದೆ. ನಿಲ್ಲುವೆಡೆಗಳು ಬಹಳ ಕಡಮೆ. ದುಂಡಗಿನ ಮೈ, ಆಭರಣವಿಲ್ಲದ ಎದೆ, ಮಡಿಕೆಗಳಿಲ್ಲದ ದೇಹ ಇವು ದಿಗಂಬರ ತತ್ತ್ವದ ಲಕ್ಷಣಗಳೆಂದು ನಾವು ಬಲ್ಲೆವು. ನೀರನ್ನು ತಂಗಗೊಡದ ಲಕ್ಷಣಗಳೂ ಅವೇ ಆಗಿವೆ. ಹೊಯ್ಸಳ ಶಿಲ್ಪದೊಡನೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೇಲೂರಿನ ಮದನಿಕೆಯರು ಮೃದುವಾದ ಬಳಪದ ಕಲ್ಲಿನಲ್ಲಿ ಕೊರೆದವರು. ಅವರ ಆಭರಣಗಳ ಸಂದುಸಂದಿನಲ್ಲಿ ನೀರು ನಿಲ್ಲಬಲ್ಲುದು. ಅವರ ಮೇಲೆ ಮುಂಚಾಚಿದ ಸೂರು ಇದೆ. ಸೂರಿನ ಶಿಲ್ಪಕ್ಕೆ ಕುಸುರಿ, ಬಯಲಿನ ಶಿಲ್ಪಕ್ಕೆ ನುಣುಪು. ದ್ರವ್ಯ, ರೂಪ, ಹವೆ ಈ ಮೂರೂ ಒಂದನ್ನೊಂದು ಬಲ್ಲವಾಗಿ ಕೆಲಸಮಾಡಿವೆ.

ಮೂರನೆಯದು ಮಳೆ ಬಿಟ್ಟು ಕಲ್ಲು ಒಣಗುವ ಹಂತ. ಉಬ್ಬಿದ, ಗಾಳಿಗೆ ತೆರೆದ ಭಾಗಗಳು ಮೊದಲು ಒಣಗುತ್ತವೆ. ತಗ್ಗಿನ ಗೆರೆಗಳು ಕೊನೆಗೆ. ಹೀಗಾಗಿ ತೊಡೆ ತೋಳುಗಳು ಬಿಳಿಚುತ್ತಿದ್ದಂತೆ ಅವುಗಳನ್ನು ಸುತ್ತಿದ ಬಳ್ಳಿಯ ಅಂಚುಗಳು ಮಾತ್ರ ಕಪ್ಪು ಗೆರೆಗಳಾಗಿ ಉಳಿಯುತ್ತವೆ. ಒಣ ದಿನಗಳಲ್ಲಿ ದೂರದಿಂದ ಸರಿಯಾಗಿ ಕಾಣದ ಬಳ್ಳಿ ಈ ಹೊತ್ತಿನಲ್ಲಿ ಬುಡದಿಂದ ತೋಳಿನವರೆಗೆ ಬಿಡಿಸಿಟ್ಟಂತೆ ಕಾಣುತ್ತದೆ. ಮಳೆಯಿಂದ ಹುಟ್ಟಿದ ಬಳ್ಳಿಯನ್ನು ಮಳೆಯೇ ತೋರಿಸಿಕೊಡುತ್ತದೆ. ಶಿಲ್ಪಿ ಇದನ್ನು ಉದ್ದೇಶಿಸಿದ್ದನೇ ಎಂಬ ಪ್ರಶ್ನೆಗೆ ಉತ್ತರಿಸುವ ದಾಖಲೆ ಇಲ್ಲ. ಆದರೆ ಮಳೆಯ ನಾಡಿನಲ್ಲಿ ಕಲ್ಲು ಕಡೆಯುವವನಿಗೆ ನೆನೆದ ಕಲ್ಲು ಹೇಗೆ ಒಣಗುತ್ತದೆಂಬುದು ತಿಳಿಯದ ವಿಷಯವಾಗಿರಲಾರದು.

ನೋಡುವವನ ಸ್ಥಿತಿಯೂ ಇಲ್ಲಿ ವಿಚಾರಾರ್ಹ. ಕೊಡೆ ಹಿಡಿದು ನಿಂತವನಿಗೆ ಈ ವಿಗ್ರಹಗಳ ಕೆಳಭಾಗ ಮಾತ್ರ ಕಾಣುತ್ತದೆ. ಮುಖವನ್ನು ನೋಡಬೇಕಾದರೆ ಕೊಡೆಯನ್ನು ಹಿಂದಕ್ಕೆ ಸರಿಸಬೇಕು, ಸರಿಸಿದರೆ ನೆನೆಯಬೇಕು. ವೇಣೂರಿನಲ್ಲಿ ಇದು ವಿಶೇಷವಾಗಿ ಅನುಭವಕ್ಕೆ ಬರುತ್ತದೆ. ಕಾರ್ಕಳದ ಗೊಮ್ಮಟ ಬೆಟ್ಟದ ಮೇಲಿನವನು, ಊರಿಗೆಲ್ಲ ಕಾಣುವವನು. ವೇಣೂರಿನವನು ನದಿಯ ಮಗ್ಗುಲಿನ ತಗ್ಗು ನೆಲದಲ್ಲಿ, ಪ್ರಾಕಾರದ ಒಳಗೆ ಇದ್ದಾನೆ; ನೋಡುಗ ಅವನ ಸಮೀಪದಲ್ಲಿಯೇ ನಿಂತು ತಲೆಯೆತ್ತಬೇಕು. ಕೆನ್ನೆಯಲ್ಲಿ ಗುಳಿಬಿದ್ದ ಆ ಮುಖದ ಮಂದಹಾಸವನ್ನು ಸ್ಥಳೀಯರು ಹೆಮ್ಮೆಯಿಂದ ಹೇಳುತ್ತಾರೆ. ಕಣ್ಣಿಗೆ ಹನಿ ಬೀಳುತ್ತಿರುವಾಗ ಆ ಮುಖವನ್ನು ಕೆಲವು ಕ್ಷಣಗಳಿಗಿಂತ ಹೆಚ್ಚು ನೋಡಲಾಗುವುದಿಲ್ಲ. ನಾವು ಕಣ್ಣು ಮುಚ್ಚಿಕೊಳ್ಳಬೇಕಾಗಿ ಬರುವ ಮಳೆಯಲ್ಲಿ ಆತ ಕಣ್ಣು ತೆರೆದು ನಿಂತಿದ್ದಾನೆಂಬ ಅರಿವು ಆಗ ಉಂಟಾಗುತ್ತದೆ. ತಿತಿಕ್ಷೆ ಎಂಬ ಪದಕ್ಕೆ ಇದಕ್ಕಿಂತ ನೇರವಾದ ವ್ಯಾಖ್ಯಾನ ದೊರೆಯುವುದು ಕಷ್ಟ.

5

ಈ ಅವಲೋಕನಗಳಿಂದ ವಿಮರ್ಶೆಯ ಮಾನದಂಡಗಳಿಗೆ ಸಂಬಂಧಿಸಿದ ಒಂದು ತೀರ್ಮಾನ ಹೊರಡುತ್ತದೆ. ಕರಾವಳಿಯ ಗೊಮ್ಮಟರನ್ನು ಬೆಳಗೊಳದ ವಿಗ್ರಹಕ್ಕೆ ಹೋಲಿಸಿ, ಮುಖಭಾವದಲ್ಲಿಯೂ ಅಂಗಸೌಷ್ಠವದಲ್ಲಿಯೂ ಅವು ಕೆಳಗಿನವೆಂದು ಹೇಳುವುದು ರೂಢಿಯಾಗಿದೆ. ಬೆಳಗೊಳದ ಮುಖದ ಸೂಕ್ಷ್ಮತೆಯನ್ನು ಕಾರ್ಕಳದ ಮುಖ ಮುಟ್ಟುವುದಿಲ್ಲವೆಂಬುದು ನಿಜ. ಮಳೆ ಆ ಮಾತನ್ನು ಸುಳ್ಳು ಮಾಡುವುದಿಲ್ಲ. ಆದರೆ ಮುಖವನ್ನೇ ಶಿಲ್ಪದ ಸಾರವೆಂದು ಎಣಿಸುವ ಮಾನದಂಡ ಒಣ ಬೆಳಕಿನ ಮಾನದಂಡ. ವರ್ಷದ ಮೂರನೆಯ ಒಂದು ಪಾಲು ಮೋಡ ಮುಸುಕಿ, ಮುಖದ ವಿವರಗಳು ಕರಗಿ, ಆಕೃತಿಯೊಂದೇ ಉಳಿಯುವ ನಾಡಿನಲ್ಲಿ ಶಿಲ್ಪಿ ಆಕೃತಿಯ ಮೇಲೆ ಭಾರ ಹಾಕಿದ್ದರೆ ಅದನ್ನು ಕೊರತೆಯೆನ್ನುವ ಮೊದಲು ಯೋಚಿಸಬೇಕು. ಹನ್ನೆರಡನೆಯ ಶತಮಾನದ ಬೊಪ್ಪಣ ಪಂಡಿತ ತನ್ನ ಶಾಸನಕಾವ್ಯದಲ್ಲಿ ಬೆಳಗೊಳದ ಗೊಮ್ಮಟನ ಎತ್ತರ, ಚೆಲುವು, ಅತಿಶಯ ಈ ಮೂರನ್ನೂ ಒಟ್ಟಿಗೆ ತೂಗಿ ನೋಡಿದ್ದಾನೆ. ನಾವು ಚೆಲುವನ್ನು ಛಾಯಾಚಿತ್ರದಿಂದಲೂ ಎತ್ತರವನ್ನು ಅಳತೆಪಟ್ಟಿಯಿಂದಲೂ ಬೇರೆಬೇರೆಯಾಗಿ ತಿಳಿದಿದ್ದೇವೆ. ಅತಿಶಯ ನಮ್ಮ ಲೆಕ್ಕದಿಂದ ಜಾರಿಹೋಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮಳೆ ಶಿಲ್ಪದ ಅರ್ಥಕ್ಕೆ ಸೇರಿದುದೆಂದು ಹೇಳುವುದು ಅದರ ಸವೆತವನ್ನು ಸಮರ್ಥಿಸಿದಂತಾಗುವುದಿಲ್ಲವೇ? ಆಕ್ಷೇಪ ಉಪೇಕ್ಷಿಸುವಂಥದಲ್ಲ. ಕಣಶಿಲೆಯಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ನೀರಿನ ಸಂಪರ್ಕದಿಂದ ನಿಧಾನವಾಗಿ ಜೇಡಿಯಾಗಿ ಮಾರ್ಪಡುತ್ತದೆ. ಸ್ಫಟಿಕದ ಕಣಗಳು ಗಟ್ಟಿಯಾಗಿದ್ದರೂ ಸುತ್ತಲಿನ ಹಿಡಿತ ಸಡಿಲವಾದಾಗ ಉದುರುತ್ತವೆ. ನೀರು ಹರಿಯುವ ದಾರಿಗಳಲ್ಲಿ ಪಾಚಿ ಬೆಳೆದು ಕಪ್ಪು ಪಟ್ಟೆಗಳಾಗುತ್ತವೆ. ಕಲ್ಲುಹೂವು ತನ್ನ ಆಮ್ಲದಿಂದ ಮೇಲ್ಪದರವನ್ನು ಕೊರೆಯಬಲ್ಲುದು. ಸುಮಾರು ಆರುನೂರು ಮಳೆಗಾಲಗಳನ್ನು ಕಂಡ ಕಾರ್ಕಳದ ಶಿಲ್ಪ ಇಂದಿಗೂ ದೃಢವಾಗಿದೆ ಎಂಬುದು ದ್ರವ್ಯದ ಆಯ್ಕೆಗೆ ಸಲ್ಲುವ ಗೌರವ. ಆದರೆ ಅದು ಮುಂದಿನ ಎಚ್ಚರಿಕೆಯನ್ನು ಅನಗತ್ಯಗೊಳಿಸುವುದಿಲ್ಲ.

ಪ್ರಶ್ನೆ ಇರುವುದು ಎಚ್ಚರಿಕೆಯ ಸ್ವರೂಪದಲ್ಲಿ. ಬಯಲು ಶಿಲ್ಪಗಳ ರಕ್ಷಣೆಯ ಮಾತು ಬಂದಾಗ ಎರಡು ಸಲಹೆಗಳು ಕೇಳಿಬರುತ್ತವೆ: ಮೇಲೊಂದು ಸೂರು ಹಾಕುವುದು, ಮೈಯನ್ನು ಉಜ್ಜಿ ಹೊಸದರಂತೆ ಮಾಡುವುದು. ಹೊಲದ ಬದುವಿನಲ್ಲಿ ಮಳೆಗೆ ಸವೆಯುತ್ತಿರುವ ವೀರಗಲ್ಲಿಗೆ ಸೂರು ಹಾಕುವುದು ಯುಕ್ತವಾಗಿರಬಹುದು. ಅದರ ಅರ್ಥ ಅದರ ಬರಹದಲ್ಲಿಯೂ ಕಥನದಲ್ಲಿಯೂ ಇದೆ, ಅವು ಅಳಿಸಿಹೋದರೆ ಕಲ್ಲು ಮೂಕವಾಗುತ್ತದೆ. ಗೊಮ್ಮಟನಿಗೆ ಸೂರು ಹಾಕಿದರೆ ಕಲ್ಲು ಉಳಿದೀತು, ಪ್ರತಿಮೆ ಬಾದಾಮಿಯ ಗುಹೆಗೆ ಮರಳಿದಂತಾಗುತ್ತದೆ. ಇನ್ನು ಉಜ್ಜುವ ವಿಷಯ. ತಂತಿಯ ಬ್ರಷ್ಷು, ತೀಕ್ಷ್ಣ ಆಮ್ಲ, ಮರಳಿನ ಧಾರೆಗಳು ಪಾಚಿಯೊಂದಿಗೆ ಶಿಲ್ಪಿಯ ಉಳಿ ಮುಟ್ಟಿದ ಮೇಲ್ಪದರವನ್ನೂ ಕಿತ್ತೊಯ್ಯುತ್ತವೆ. ಒರಟಾದ ಮೈಯಲ್ಲಿ ನೀರು ಹೆಚ್ಚು ನಿಂತು ಪಾಚಿ ಮತ್ತಷ್ಟು ಬೇಗ ಮರಳುತ್ತದೆ. ಬೇಕಾದುದು ನೀರಿನ ದಾರಿಯ ತಿಳಿವಳಿಕೆ. ಪಾದದ ಬಳಿ ನೀರು ನಿಲ್ಲುತ್ತಿದೆಯೇ, ಪೀಠದ ಸಂದುಗಳು ಬಿಚ್ಚಿವೆಯೇ, ಅಂಗಳದ ಇಳಿಜಾರು ಸರಿಯಿದೆಯೇ ಎಂಬುದು ಮಳೆಯಲ್ಲಿ ನಿಂತು ನೋಡಿದರೆ ಮಾತ್ರ ತಿಳಿಯುತ್ತದೆ. ಬೇಸಗೆಯಲ್ಲಿ ಬಂದು ಹೋಗುವ ತಜ್ಞನಿಗೆ ಕಪ್ಪು ಪಟ್ಟೆ ಕೇವಲ ಕೊಳೆ. ಮಳೆಯಲ್ಲಿ ಬಂದವನಿಗೆ ಅದು ನೀರು ಬರೆದಿಟ್ಟ ನಕ್ಷೆ.

6

ಈ ವಿಚಾರ ಹಳೆಯ ವಿಗ್ರಹಗಳಿಗೆ ಸೀಮಿತವಾದುದಲ್ಲ. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕಡೆದ ಸುಮಾರು 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿ 1982ರಲ್ಲಿ ಪ್ರತಿಷ್ಠಿತವಾಯಿತು. ಕಾರ್ಕಳದ ಮಳೆಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡುತ್ತ ಬಾಳಿದ ಶಿಲ್ಪಿಯೊಬ್ಬರ ಕೃತಿ ಅದೆಂಬುದನ್ನು ನೆನೆಯಬೇಕು. ಐದು ಶತಮಾನಗಳ ಅಂತರದಲ್ಲಿಯೂ ಏಕಶಿಲೆ, ನುಣುಪಾದ ಮೈ, ತೆರೆದ ಆಕಾಶ ಎಂಬ ಸೂತ್ರಗಳು ಬದಲಾಗಲಿಲ್ಲ.

ಇದಕ್ಕೆ ಎದುರಾಗಿ ಇಂದು ಉದ್ಯಾನಗಳಲ್ಲಿ, ವೃತ್ತಗಳಲ್ಲಿ, ಬೆಟ್ಟಗಳ ಮೇಲೆ ಸ್ಥಾಪನೆಯಾಗುತ್ತಿರುವ ಪ್ರತಿಮೆಗಳನ್ನು ಗಮನಿಸಬೇಕು. ಕಾರ್ಕಳ ತಾಲ್ಲೂಕಿನ ಬೈಲೂರಿನ ಬೆಟ್ಟದ ಮೇಲೆ 2023ರ ಜನವರಿಯಲ್ಲಿ ಉದ್ಘಾಟನೆಗೊಂಡ ಪರಶುರಾಮನ ಪ್ರತಿಮೆಯ ವಿಷಯದಲ್ಲಿ ಅದೇ ವರ್ಷ ಅದರ ದ್ರವ್ಯ ಕಂಚು ಹೌದೇ ಅಲ್ಲವೇ ಎಂಬ ವಿವಾದವೆದ್ದು, ಪ್ರತಿಮೆಯ ಮೇಲ್ಭಾಗವನ್ನು ತೆಗೆಯಲಾಯಿತು. ಆ ವಿವಾದದ ಹೊಣೆಗಾರಿಕೆಯ ಪ್ರಶ್ನೆ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಆದರೆ ಬಯಲಿನಲ್ಲಿ ನಿಲ್ಲುವ ಪ್ರತಿಮೆಯ ಬಗ್ಗೆ ಜನ ಕೇಳಿದ ಮೊದಲ ಪ್ರಶ್ನೆ ಅದರ ದ್ರವ್ಯದ್ದು ಎಂಬುದು ಅರ್ಥಪೂರ್ಣವಾಗಿದೆ. ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ನಾಡಿನಲ್ಲಿ ಅದು ಮೊದಲ ಪ್ರಶ್ನೆಯಾಗಿಯೇ ಇರಬೇಕು. ಶಿಲ್ಪ ಶಿಬಿರಗಳಲ್ಲಿ ರೂಪುಗೊಂಡು ಉದ್ಯಾನಗಳಲ್ಲಿ ನೆಲೆಗೊಳ್ಳುವ ಕೃತಿಗಳಿಗೂ ಈ ಮಾತು ಅನ್ವಯಿಸುತ್ತದೆ. ಎಲ್ಲಿ ನಿಲ್ಲುತ್ತದೆಂದು ತಿಳಿಯದೆ ಕಡೆದ ಕಲ್ಲು, ಏನನ್ನು ನಿಲ್ಲಿಸುತ್ತಿದ್ದೇವೆಂದು ತಿಳಿಯದೆ ಆಯ್ದ ಸ್ಥಳ, ಇವೆರಡೂ ಕೂಡಿದಾಗ ಬಯಲು ಶಿಲ್ಪ ಬಯಲಿನಲ್ಲಿಟ್ಟ ಕೋಣೆಯ ಶಿಲ್ಪವಾಗುತ್ತದೆ.

ಕೊನೆಯದಾಗಿ ಎರಡು ಸೂಚನೆಗಳನ್ನು ವಿದ್ವಾಂಸರ ಪರಿಶೀಲನೆಗೆ ಸಲ್ಲಿಸಬಹುದು. ಒಂದು, ಕರ್ನಾಟಕದ ಪ್ರಮುಖ ಬಯಲು ಶಿಲ್ಪಗಳ ಮಳೆಗಾಲದ ದಾಖಲೀಕರಣ. ಹನಿ ಬೀಳುವ ಮೊದಲು, ನೆನೆದಾಗ, ಒಣಗುವಾಗ ಒಂದೇ ಸ್ಥಾನದಿಂದ ತೆಗೆದ ಚಿತ್ರಗಳ ಸಂಗ್ರಹವೊಂದು ನಮ್ಮ ಗ್ರಂಥಾಲಯಗಳಲ್ಲಿ ಇರಬೇಕು. ಕಲಾವಿಮರ್ಶಕನಿಗೂ ಸಂರಕ್ಷಣಾ ತಜ್ಞನಿಗೂ ಅದು ಸಮಾನವಾಗಿ ಉಪಯುಕ್ತ. ಎರಡು, ಪ್ರತಿಮಾಲಕ್ಷಣದ ಅಧ್ಯಯನದಲ್ಲಿ ಋತುವನ್ನು ಒಂದು ಅಂಗವಾಗಿ ಪರಿಗಣಿಸುವುದು. ಬಳ್ಳಿಯನ್ನೂ ಹುತ್ತವನ್ನೂ ಲಕ್ಷಣಗಳ ಪಟ್ಟಿಯಲ್ಲಿ ಬರೆದು ಮುಂದೆ ಸಾಗುವ ಬದಲು ಅವು ಯಾವ ಹವೆಯಲ್ಲಿ ಬೆಳೆದವೆಂದು ಕೇಳಬೇಕಾಗಿದೆ.

ಕಾರ್ಕಳದ ವಿಗ್ರಹ ಪ್ರತಿಷ್ಠೆಗೊಂಡುದು 1432ರ ಫೆಬ್ರವರಿಯಲ್ಲಿ. ವೇಣೂರಿನದು 1604ರ ಮಾರ್ಚಿನಲ್ಲಿ. ಎರಡೂ ಒಣ ತಿಂಗಳುಗಳು. ಉತ್ಸವ ಮುಗಿದು ಜನ ಚದುರಿದ ಮೇಲೆ, ಮೂರು ನಾಲ್ಕು ತಿಂಗಳು ಕಳೆದು ಮೊದಲ ಮುಂಗಾರು ಬಂದಿರಬೇಕು. ಅರಸನ ಪ್ರತಿಷ್ಠೆಯ ಮಿತಿ ಶಾಸನದಲ್ಲಿದೆ, ಅಳತೆಗಾರನ ಸಂಖ್ಯೆ ಗ್ರಂಥದಲ್ಲಿದೆ. ಆ ಮೊದಲ ಮಳೆಯಲ್ಲಿ ಆರಂಭವಾದುದರ ಅಧ್ಯಯನ ಇನ್ನೂ ನಡೆಯಬೇಕಾಗಿದೆ.